ಗೆರೆಯಿಂದ ಬಣ್ಣದ ಬಯಲಿಗೆ

ಅಮೂರ್ತ ಚಿತ್ರದ ಮುಂದೆ ಮೊದಲ ಸಲ ನಿಂತವರು ‘ಇದೇನಿದು?’ ಎಂದು ಕೇಳುತ್ತಾರೆ. ಚಿತ್ರಕಲೆ ಕಲಿಸುವ ನನಗೆ ಈ ಪ್ರಶ್ನೆ ಮಕ್ಕಳಿಂದಲೂ ಬಂದಿದೆ, ಅವರನ್ನು ಮನೆಗೆ ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರಿಂದಲೂ ಬಂದಿದೆ. ಕೇಳುವುದು ಸಹಜವೇ. ಮನುಷ್ಯನ ಕಣ್ಣು ಮೋಡದಲ್ಲಿ ಆನೆ ಕುದುರೆ ಹುಡುಕುತ್ತದೆ, ಪಾಚಿಗಟ್ಟಿದ ಗೋಡೆಯಲ್ಲೂ ಮುಖ ಕಾಣುತ್ತದೆ. ಆದರೆ ಉತ್ತರ ಸಿಗಲಿಲ್ಲವೆಂದು ‘ಇದು ನಮ್ಮಂಥವರಿಗಲ್ಲ’ ಅನ್ನುತ್ತ ಗ್ಯಾಲರಿಯಿಂದ ಹೊರಟುಬಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಂಥವರಿಗಾಗಿಯೇ ಈ ಲೇಖನ. ಸಿದ್ಧಾಂತಗಳನ್ನೆಲ್ಲ ಬದಿಗಿಟ್ಟು ಒಬ್ಬನೇ ಕಲಾವಿದನ ಜಾಡು ಹಿಡಿಯೋಣ. ಆತ ಆಕೃತಿಯನ್ನು ಬಿಟ್ಟದ್ದು ಹೇಗೆ, ಎಷ್ಟು ಬಿಟ್ಟ, ಏನನ್ನು ಉಳಿಸಿಕೊಂಡ ಎಂದು ನಿಧಾನವಾಗಿ ನೋಡೋಣ. ನಾನು ಆರಿಸಿಕೊಂಡಿರುವವರು ಕೆ.ಎಂ. ಆದಿಮೂಲಂ. 1938ರಲ್ಲಿ ತಿರುಚ್ಚಿ ಸೀಮೆಯ ಕೀರಂಬೂರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಕಲಿತು, ಅಲ್ಲಿಯೇ ಬಾಳಿ, 2008ರಲ್ಲಿ ತೀರಿಕೊಂಡರು.

ಪಾಠವನ್ನು ಗ್ಯಾಲರಿಯಲ್ಲಿ ಶುರುಮಾಡುವುದು ಬೇಡ. ಮದ್ರಾಸಿನ ತ್ರಿಪ್ಲಿಕೇನಿನ ಬೀದಿಯಲ್ಲಿ ಶುರುಮಾಡೋಣ. ಪಾರ್ಥಸಾರಥಿ ದೇವಸ್ಥಾನ, ಅದರ ಹತ್ತಿರವೇ ತಮಿಳು ಕವಿ ಸುಬ್ರಹ್ಮಣ್ಯ ಭಾರತಿ ಕೊನೆಯ ದಿನಗಳನ್ನು ಕಳೆದ ಮನೆ, ಇತ್ತ ವಾಲಾಜಾ ಮಸೀದಿ, ನಡುವೆ ಊರು ಬಿಟ್ಟು ಕೆಲಸಕ್ಕೆ ಬಂದ ಬ್ರಹ್ಮಚಾರಿಗಳು ತುಂಬಿರುವ ‘ಮ್ಯಾನ್ಶನ್’ಗಳು. ಪೈಕ್ರಾಫ್ಟ್ಸ್ ರಸ್ತೆ, ಅಂದರೆ ಈಗಿನ ಭಾರತಿ ಸಾಲೈ, ಹಳೆ ಪುಸ್ತಕದ ಅಂಗಡಿಗಳಿಗೆ ಹೆಸರಾದದ್ದು. ಆ ರಸ್ತೆ ಹಿಡಿದು ನೇರವಾಗಿ ನಡೆದರೆ ಮರೀನಾ ಕಡಲತೀರ. ಅಲ್ಲಿಂದ ಉತ್ತರಕ್ಕೆ, ಮದ್ರಾಸ್ ವಿಶ್ವವಿದ್ಯಾಲಯದ ಎದುರಿಗೆ ಬಂದರೆ ‘ಶ್ರಮದ ಗೆಲುವು’ ಎಂಬ ಕಂಚಿನ ಶಿಲ್ಪ ನಿಂತಿದೆ. ನಾಲ್ವರು ಕೂಲಿಗಳು ಸೇರಿ ಒಂದು ಬಂಡೆಯನ್ನು ಮೀಟುತ್ತಿದ್ದಾರೆ. 1959ರಲ್ಲಿ ಸ್ಥಾಪಿಸಿದ್ದು. ಮಾಡಿದವರು ದೇವಿಪ್ರಸಾದ ರಾಯ್ ಚೌಧುರಿ. 1929ರಿಂದ 1957ರವರೆಗೆ ಮದ್ರಾಸ್ ಕಲಾಶಾಲೆಯ ಮುಖ್ಯಸ್ಥರಾಗಿದ್ದವರು, ಆ ಹುದ್ದೆಗೆ ಬಂದ ಮೊದಲ ಭಾರತೀಯ.

ಈ ಶಿಲ್ಪದ ಮುಂದೆ ‘ಇದೇನಿದು?’ ಎಂದು ಯಾರೂ ಕೇಳುವುದಿಲ್ಲ. ಉಬ್ಬಿದ ತೊಡೆಯ ಸ್ನಾಯು, ಬಿಗಿದ ಬೆನ್ನು, ನೆಲಕ್ಕೆ ಊರಿದ ಕಾಲು, ಎಲ್ಲ ಗೊತ್ತಾಗುತ್ತದೆ. ಈಗ ಒಂದು ಕೆಲಸ ಮಾಡಿ. ಸ್ವಲ್ಪ ದೂರ ಸರಿದು ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಮುಖ, ಕೈಬೆರಳು, ಸ್ನಾಯು ಒಂದೊಂದಾಗಿ ಅಳಿಸಿಹೋಗುತ್ತವೆ. ಓರೆಯಾಗಿ ಒಂದೇ ದಿಕ್ಕಿಗೆ ವಾಲಿದ ಕಪ್ಪು ರಾಶಿಯೊಂದು ಉಳಿಯುತ್ತದೆ, ಅದಕ್ಕೆ ಎದುರಾಗಿ ಜಗ್ಗದೆ ಕೂತ ಇನ್ನೊಂದು ರಾಶಿ. ನಿಮಗೆ ಮೊದಲು ಶ್ರಮ ಅನ್ನಿಸಿದ್ದು ಕೂಲಿಗಳ ಮುಖ ನೋಡಿಯಲ್ಲ, ಈ ವಾಲುವಿಕೆಯಿಂದ. ಆ ಓರೆಯನ್ನು ನೆಟ್ಟಗೆ ಮಾಡಿದರೆ, ಅದೇ ನಾಲ್ವರು ಅದೇ ಸ್ನಾಯುಗಳೊಂದಿಗೆ ನಿಂತಿದ್ದರೂ, ಕೆಲಸ ನಡೆಯುತ್ತಿರುವಂತೆ ಕಾಣುತ್ತಿರಲಿಲ್ಲ. ಅಂದರೆ ಆಕೃತಿಯ ಒಳಗೆ ಭಾರ, ದಿಕ್ಕು, ಎಳೆತ, ತಡೆ ಎಂಬವು ಆಗಲೇ ಇವೆ. ಅಮೂರ್ತ ಚಿತ್ರಕಾರ ಇವನ್ನು ಹೊಸದಾಗಿ ಹುಟ್ಟಿಸಲಿಲ್ಲ. ಅವುಗಳ ಮೇಲಿನ ಹೊದಿಕೆಯನ್ನು ತೆಗೆದ, ಅಷ್ಟೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಇದೇ ಮರೀನಾದಲ್ಲಿ ಇದೇ ರಾಯ್ ಚೌಧುರಿಯವರು ಮಾಡಿದ ಗಾಂಧೀಜಿಯ ಪ್ರತಿಮೆಯೂ ಇದೆ, ಅದೂ 1959ರದು. ಕೋಲು ಹಿಡಿದು ಹೆಜ್ಜೆ ಹಾಕುತ್ತಿರುವ ಗಾಂಧಿ. ಹತ್ತು ವರ್ಷ ಕಳೆದು 1969ರಲ್ಲಿ ಗಾಂಧಿ ಜನ್ಮ ಶತಮಾನೋತ್ಸವ ಬಂತು. ಆಗ ಮದ್ರಾಸಿನ ಮೂವತ್ತೊಂದು ವರ್ಷದ ಕಲಾವಿದರೊಬ್ಬರು ಗಾಂಧಿಯನ್ನು ಮಸಿ ಮತ್ತು ಪೆನ್ನಿನಲ್ಲಿ ಬಿಡಿಸತೊಡಗಿದರು. ಸುಮಾರು ನೂರು ಚಿತ್ರಗಳಾದವು, ಪ್ರದರ್ಶನಗೊಂಡವು, ತಮಿಳುನಾಡಿನಾಚೆಗೂ ಹೆಸರು ತಂದವು. ಆದಿಮೂಲಂ ಎಂದರೆ ಇಂದಿಗೂ ಬಹಳ ಜನರಿಗೆ ನೆನಪಾಗುವುದು ಆ ಗಾಂಧಿ ಚಿತ್ರಗಳೇ.

ಪ್ರತಿಮೆಯ ಗಾಂಧಿಗೂ ಈ ಗೆರೆಯ ಗಾಂಧಿಗೂ ಇರುವ ಅಂತರ ನೋಡಿ. ಕಂಚಿನಲ್ಲಿ ದೇಹಕ್ಕೆ ತೂಕವಿದೆ, ಸುತ್ತಲೂ ಅಂಚು ಇದೆ. ಆದಿಮೂಲಂ ಗೆರೆಗೆ ಅಂಚು ಕಟ್ಟುವ ಆಸೆಯಿಲ್ಲ. ಅದು ಒರಟಾಗಿ ಶುರುವಾಗುತ್ತದೆ, ನಡುವೆ ತುಂಡಾಗುತ್ತದೆ, ಮತ್ತೆ ಗೀಚಿದಂತೆ ಸಾಗುತ್ತದೆ, ಕೆಲವು ಕಡೆ ಒಂದರ ಮೇಲೊಂದು ಬಿದ್ದು ಕಪ್ಪಾಗುತ್ತದೆ. ಗಾಂಧಿ ಗುರುತು ಸಿಗುತ್ತಾರೆ, ಅನುಮಾನವಿಲ್ಲ. ಆದರೆ ಆ ಗುರುತಿನಿಂದಾಚೆಗೆ ಗೆರೆಗೆ ತನ್ನದೇ ಒಂದು ಬದುಕಿದೆ. ಹಾಳೆಯನ್ನು ತಲೆಕೆಳಗು ಹಿಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಆಗ ಗಾಂಧಿ ಕಾಣುವುದಿಲ್ಲ, ಗೆರೆಯ ವೇಗ, ನಿಲುಗಡೆ, ಒತ್ತಡ ಕಾಣುತ್ತವೆ. ವಿದ್ಯಾರ್ಥಿಗಳಿಗೆ ನಾನು ಕೊಡುವ ಅಭ್ಯಾಸಗಳಲ್ಲಿ ಇದೂ ಒಂದು. ನೀವೂ ಯಾವುದಾದರೂ ಒಳ್ಳೆಯ ರೇಖಾಚಿತ್ರದ ಮೇಲೆ ಇದನ್ನು ಪ್ರಯೋಗಿಸಿ ನೋಡಬಹುದು. ಕೆ.ಕೆ. ಹೆಬ್ಬಾರರ ನರ್ತಕಿಯರ ರೇಖೆಗಳು ಕೈಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಗೆರೆಯ ಮೇಲಿನ ಈ ಹಿಡಿತ ಆದಿಮೂಲಂ ಒಬ್ಬರ ಸ್ವತ್ತಾಗಿರಲಿಲ್ಲ. 1959ರಲ್ಲಿ ಊರು ಬಿಟ್ಟು ಮದ್ರಾಸಿಗೆ ಬಂದ ಹುಡುಗನಿಗೆ ಶಿಲ್ಪಿ ಎಸ್. ಧನಪಾಲ್ ಆಸರೆಯಾದರು. ಆಮೇಲೆ ಸೇರಿದ್ದು ಪೆರಿಯಮೇಟ್‌ನ ಸರ್ಕಾರಿ ಕಲಾಶಾಲೆ. 1850ರಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯ ಆರಂಭಿಸಿದ ಶಾಲೆ ಅದು. 1960ರ ದಶಕದಲ್ಲಿ ಅದರ ಮುಖ್ಯಸ್ಥರು ಕೆ.ಸಿ.ಎಸ್. ಪಣಿಕ್ಕರ್. ಬಣ್ಣವನ್ನು ಗುಡ್ಡೆ ಹಾಕುವ ಬದಲು ಗೆರೆಯಿಂದ ಯೋಚಿಸುವುದು, ದೇವಸ್ಥಾನದ ಶಿಲ್ಪ, ತೊಗಲುಗೊಂಬೆ, ಜಾತಕದ ಪಟ, ಕೋಲ ಎಂದು ತಮಿಳರು ಕರೆಯುವ ರಂಗೋಲಿ ಇವುಗಳನ್ನೆಲ್ಲ ಹೊಸಗಣ್ಣಿನಿಂದ ನೋಡುವುದು ಆ ಶಾಲೆಯ ಹವೆಯಲ್ಲೇ ಇತ್ತು. ಪಣಿಕ್ಕರ್ ಕೂಡ ಆರಂಭದಲ್ಲಿ ಕೇರಳದ ತೋಟ, ಕಾಲುವೆಗಳ ಜಲವರ್ಣ ಬರೆದವರು, ನಂತರ ಮನುಷ್ಯಾಕೃತಿಗಳನ್ನು ಬರೆದವರು. ಐವತ್ತು ದಾಟಿದ ಮೇಲೆ, 1963ರಿಂದ, ‘ಪದಗಳು ಮತ್ತು ಸಂಕೇತಗಳು’ ಎಂಬ ಸರಣಿಗೆ ಕೈಹಾಕಿದರು. ಅಲ್ಲಿ ಕ್ಯಾನ್‌ವಾಸಿನ ತುಂಬ ಅಕ್ಷರದಂತೆ ಕಾಣುವ ಗುರುತುಗಳು, ಜಾತಕದ ಮನೆಗಳು, ಗಣಿತದ ಚಿಹ್ನೆಗಳು. ಓದಲು ಹೋದರೆ ಒಂದೂ ಓದಿಗೆ ಸಿಗುವುದಿಲ್ಲ. ಗುರುವೇ ಹೀಗೆ ಆಕೃತಿಯನ್ನು ಬಿಟ್ಟು ಹೊರಟದ್ದನ್ನು ಆದಿಮೂಲಂ ವಿದ್ಯಾರ್ಥಿಯಾಗಿದ್ದಾಗಲೇ ಕಂಡರು. ಕಲಿಕೆ ಮುಗಿದದ್ದು 1966ರಲ್ಲಿ. ಅದೇ ವರ್ಷ ಪಣಿಕ್ಕರ್ ಮತ್ತು ಅವರ ಶಿಷ್ಯರು ಮದ್ರಾಸಿನ ಹೊರವಲಯದ ಇಂಜಂಬಾಕ್ಕಂನ ಮರಳಿನ ಮೇಲೆ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದರು. ಬಾಟಿಕ್ ಬಟ್ಟೆ ಮಾಡಿ ಮಾರಿ ಹೊಟ್ಟೆ ಹೊರೆದುಕೊಂಡು ಚಿತ್ರ ಬರೆದವರು ಅವರು.

ಗಾಂಧಿಯ ಜೊತೆಜೊತೆಗೇ ಆದಿಮೂಲಂ ಮಹಾರಾಜರನ್ನೂ ಬಿಡಿಸಿದರು. ಕಿರೀಟ, ಮೀಸೆ, ಒಡವೆ ಎಲ್ಲ ಇರುವ ರಾಜರು, ಆದರೆ ವೈಭವ ಕಳಚಿ ಬೀಳುತ್ತಿರುವವರು. ಈ ಸರಣಿಯನ್ನು ನಾನು ಗಾಂಧಿ ಚಿತ್ರಗಳಿಗಿಂತ ಮಿಗಿಲೆಂದು ತಿಳಿಯುತ್ತೇನೆ. ಗಾಂಧಿಯ ಮೇಲಿನ ಗೌರವ ಕಲಾವಿದನ ಕೈಯನ್ನು ಸ್ವಲ್ಪ ತಡೆದು ಹಿಡಿದಿತ್ತು. ರಾಜನ ವಿಷಯದಲ್ಲಿ ಆ ತಡೆ ಇಲ್ಲ. ಕಿರೀಟದ ಕುಸುರಿ ಗೆರೆಗಳ ಹಿಂಡಾಗುತ್ತದೆ, ಮುಖ ಆ ಹಿಂಡಿನೊಳಗೆ ಮುಳುಗುತ್ತದೆ, ಸಿಂಹಾಸನ ಯಾವುದು ದೇಹ ಯಾವುದು ಎಂಬ ಗೆರೆಯೇ ಸಡಿಲಾಗುತ್ತದೆ. ಆಕೃತಿ ಒಳಗಿನಿಂದಲೇ ಬಿರಿಯುತ್ತಿದೆ. ಮುಂದೇನಾಗುತ್ತದೆ ಎಂಬುದರ ಸುಳಿವು ಇಲ್ಲಿದೆ.

ಇನ್ನು ತ್ರಿಪ್ಲಿಕೇನಿನ ಒಳಬೀದಿಗೆ ಮರಳೋಣ. ಕನ್ನಡದ ಓದುಗರಿಗೆ ಇಲ್ಲೊಂದು ಹತ್ತಿರದ ನಂಟಿದೆ. ಆಧುನಿಕ ತಮಿಳು ಕಾವ್ಯದ ದೊಡ್ಡ ಹೆಸರು ಜ್ಞಾನಕ್ಕೂತ್ತನ್. ಅವರ ನಿಜನಾಮ ರಂಗನಾಥನ್, ಮಾಯವರಂ ಹತ್ತಿರದ ತಿರುಇಂದಳೂರಿನವರು, ಮನೆಮಾತು ಕನ್ನಡ. ಬಹುಕಾಲ ತ್ರಿಪ್ಲಿಕೇನಿನಲ್ಲಿಯೇ ಬಾಳಿದರು. ಅವರೂ ಅವರ ಗೆಳೆಯರೂ ಸೇರಿ 1970ರಲ್ಲಿ ‘ಕಸಡತಪಱ’ ಎಂಬ ಕಿರುಪತ್ರಿಕೆ ಆರಂಭಿಸಿದರು. ತಮಿಳಿನಲ್ಲಿ ‘ವಲ್ಲಿನಂ’ ಎನ್ನುವ ಆರು ಗಡಸು ವ್ಯಂಜನಗಳೇ ಅದರ ಹೆಸರು. ಹಳೆಯ ಕಾವ್ಯದ ಅಲಂಕಾರಗಳನ್ನು ಕಳಚಿ ಬರೆಯಲು ಹೊರಟ ಬಳಗ ಅದು. ಇಂಥ ಕಿರುಪತ್ರಿಕೆಗಳ ಮುಖಪುಟಕ್ಕೆ, ಹೊಸ ಕವಿಗಳ ಪುಸ್ತಕಗಳಿಗೆ ಆದಿಮೂಲಂ ಗೆರೆ ಎಳೆದುಕೊಟ್ಟರು, ಶೀರ್ಷಿಕೆಗಳ ಅಕ್ಷರವನ್ನೂ ಬರೆದುಕೊಟ್ಟರು. ಕವಿತೆಯಲ್ಲಿ ಮರವಿದ್ದರೆ ಪಕ್ಕದಲ್ಲಿ ಮರ ಬಿಡಿಸುವ ವಾರಪತ್ರಿಕೆಯ ರೂಢಿಯನ್ನು ಆ ಕಿರುಪತ್ರಿಕೆಗಳು ಒಪ್ಪಲಿಲ್ಲ. ಅಲ್ಲಿ ಚಿತ್ರ ಕವಿತೆಯನ್ನು ವಿವರಿಸಬೇಕಿರಲಿಲ್ಲ, ಅದರ ಜೊತೆಗೆ ಸಮನಾಗಿ ನಿಲ್ಲಬೇಕಿತ್ತು. ಕಥೆ ಹೇಳುವ ಹೊರೆಯಿಲ್ಲದೆ ಗೆರೆ ನಿಲ್ಲಬಲ್ಲದೆಂಬ ಧೈರ್ಯ ಅವರಿಗೆ ಬಂದದ್ದರಲ್ಲಿ ಈ ಕವಿಗಳ ಸಹವಾಸಕ್ಕೂ ಪಾಲಿದೆ ಎಂದು ನನ್ನ ನಂಬಿಕೆ.

1970ರ ದಶಕದಲ್ಲಿ ಅವರ ತೈಲವರ್ಣಗಳಿಂದ ಮನುಷ್ಯ ಮಾಯವಾದ. ಗಾಂಧಿಯಿಲ್ಲ, ರಾಜನಿಲ್ಲ, ಮರವಿಲ್ಲ, ಮನೆಯಿಲ್ಲ. ದೊಡ್ಡ ಕ್ಯಾನ್‌ವಾಸಿನ ಮೇಲೆ ಬಣ್ಣದ ವಿಸ್ತಾರಗಳು ಒಂದನ್ನೊಂದು ಒತ್ತುತ್ತವೆ, ಸೀಳುತ್ತವೆ, ಒಂದರಡಿ ಒಂದು ಸರಿಯುತ್ತವೆ. ಬಣ್ಣ ಕೆಲವೆಡೆ ದಪ್ಪವಾಗಿ ಮೆತ್ತಿದೆ, ಕೆಲವೆಡೆ ಕೆರೆದು ತೆಗೆದಂತೆ ತೆಳುವಾಗಿದೆ. ನೋಡುತ್ತ ನಿಂತರೆ ನೆಲ, ಬಂಡೆ, ನೀರು, ಬೆಳಕು ನೆನಪಾಗುತ್ತವೆ, ಆದರೆ ಬೆರಳಿಟ್ಟು ‘ಇದೇ ನೀರು’ ಎನ್ನಲು ಬರುವುದಿಲ್ಲ.

ಇಂಥ ತಿರುವು ಒಂದು ಬೆಳಗಾಗೆದ್ದು ಆಗುವಂಥದಲ್ಲ. ಜಗತ್ತಿನ ಕಲೆಯಲ್ಲಿ ಇದಕ್ಕೆ ಬಹಳ ಸ್ಪಷ್ಟವಾದ ಉದಾಹರಣೆ ಡಚ್ ಕಲಾವಿದ ಪೀಟ್ ಮಾಂಡ್ರಿಯನ್. 1908ರಿಂದ 1912ರವರೆಗೆ ಅವನು ಮರಗಳನ್ನು ಬರೆದ. ಮೊದಲಿನ ಕೆಂಪು ಮರ ಮರವೇ. 1911ರ ಬೂದು ಮರದಲ್ಲಿ ಕೊಂಬೆಗಳು ಕಮಾನುಗಳಾಗಿವೆ, ಕೊಂಬೆಗಳ ನಡುವಿನ ಖಾಲಿ ಜಾಗಕ್ಕೂ ಕೊಂಬೆಯಷ್ಟೇ ಬೆಲೆ ಬಂದಿದೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಬಾಗಿದ ಗೆರೆಗಳ ಜಾಲವಷ್ಟೇ ಉಳಿದಿದೆ, ಹೆಸರು ಓದದಿದ್ದರೆ ಮರವೆಂದು ತಿಳಿಯುವುದೇ ಕಷ್ಟ. ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ‘ಅಮೂರ್ತ ಎಂದರೆ ಮನಬಂದಂತೆ ಬಳಿಯುವುದು’ ಎಂಬ ಮಾತನ್ನು ಮತ್ತೆ ಆಡುವುದಿಲ್ಲ. ನಮ್ಮ ದೇಶದಲ್ಲಿ ರಾಮ್ ಕುಮಾರ್ ನಗರದ ಖಿನ್ನ ಮುಖಗಳನ್ನು ಬರೆಯುತ್ತಿದ್ದವರು, 1960ರ ಸುಮಾರಿಗೆ ಕಾಶಿಗೆ ಹೋಗಿಬಂದ ಮೇಲೆ ಮನುಷ್ಯರನ್ನು ಬಿಟ್ಟು ಘಾಟುಗಳ, ಮನೆಗಳ, ನದಿಯ ಬಣ್ಣಗಳನ್ನಷ್ಟೇ ಉಳಿಸಿಕೊಳ್ಳುತ್ತ ಹೋದರು.

ಆದಿಮೂಲಂ ವಿಷಯದಲ್ಲಿ ಒಂದು ವಿಶೇಷವಿದೆ, ನಾನು ಅವರನ್ನೇ ಆರಿಸಿಕೊಂಡದ್ದೂ ಅದಕ್ಕಾಗಿ. ಅವರು ಆಕೃತಿಯನ್ನು ಪೂರ್ತಿ ಬಿಡಲಿಲ್ಲ. ಬಣ್ಣದಲ್ಲಿ ಬಿಟ್ಟರು, ಗೆರೆಯಲ್ಲಿ ಕೊನೆಯವರೆಗೂ ಉಳಿಸಿಕೊಂಡರು. ಗೋಡೆಯ ಮೇಲಿನ ಕ್ಯಾನ್‌ವಾಸಿನಲ್ಲಿ ಶುದ್ಧ ಅಮೂರ್ತ ಬರೆಯುತ್ತಿದ್ದ ಕೈಯೇ, ತಮಿಳು ಕಥೆಗಾರ ಕಿ. ರಾಜನಾರಾಯಣನ್ ‘ಜೂನಿಯರ್ ವಿಕಟನ್’ ಪತ್ರಿಕೆಯಲ್ಲಿ ಕರಿಸಲ್ ಸೀಮೆಯ ಕಥೆ ಬರೆದಾಗ ಅದಕ್ಕೆ ರೈತರನ್ನು, ಮುದುಕರನ್ನು, ದನಕರುಗಳನ್ನು ಬಿಡಿಸಿತು. ಕರಿಸಲ್ ಎಂದರೆ ನಮ್ಮ ಧಾರವಾಡ, ಗದಗಿನ ಕಡೆಯ ಎರೆ ನೆಲದಂಥ ಕರಿಮಣ್ಣು. ಗ್ಯಾಲರಿಯ ಮೆಟ್ಟಿಲು ಹತ್ತದ ಸಾವಿರಾರು ಓದುಗರಿಗೆ ಅವರ ಗೆರೆ ಮನೆಮಾತಾಯಿತು. ಒಬ್ಬನೇ ಮನುಷ್ಯ ಎರಡು ಭಾಷೆಗಳಲ್ಲಿ ಕೆಲಸ ಮಾಡುತ್ತಿದ್ದ, ಎರಡನ್ನೂ ಪ್ರಾಮಾಣಿಕವಾಗಿ.

ಏಕೆ ಹೀಗೆ? ನನ್ನ ಅಂದಾಜು ಇಷ್ಟು. ಆಕೃತಿ ಇರುವ ಚಿತ್ರದಲ್ಲಿ ಬಣ್ಣ ಆಳಿನ ಕೆಲಸ ಮಾಡುತ್ತದೆ. ಎಲೆಗೆ ಹಸಿರು, ಮೈಗೆ ಕಂದು, ಬಾನಿಗೆ ನೀಲಿ, ಹೀಗೆ ವಸ್ತು ಹೇಳಿದಲ್ಲಿ ಹೋಗಿ ಕೂರಬೇಕು. ಗೆರೆಗೆ ಆ ಕಷ್ಟವಿಲ್ಲ, ಏಕೆಂದರೆ ಲೋಕದಲ್ಲಿ ಯಾವ ವಸ್ತುವಿಗೂ ಸುತ್ತ ಕಪ್ಪು ಗೆರೆ ಇರುವುದಿಲ್ಲ. ಗೆರೆ ಮೊದಲಿನಿಂದಲೇ ಕಲಾವಿದನ ಸೃಷ್ಟಿ. ಗಾಂಧಿಯ ಮುಖದಲ್ಲಿದ್ದೂ ಅದು ಸ್ವತಂತ್ರವಾಗಿರಬಲ್ಲದು. ಬಣ್ಣಕ್ಕೆ ಅಂಥ ಸ್ವಾತಂತ್ರ್ಯ ಕೊಡಬೇಕಾದರೆ ಅದನ್ನು ವಸ್ತುವಿನ ಊಳಿಗದಿಂದ ಬಿಡಿಸಲೇಬೇಕು. ಸಾಮಗ್ರಿಯ ಗುಣವನ್ನೂ ಇಲ್ಲಿ ಮರೆಯಬಾರದು. ಮಸಿಯ ಗೆರೆ ಬಿದ್ದರೆ ಬಿತ್ತು, ಅಳಿಸಲಾಗದು, ಕೈ ನಿರ್ಧಾರ ಮಾಡಿಯೇ ಇಳಿಯಬೇಕು. ತೈಲವರ್ಣ ನಿಧಾನವಾಗಿ ಒಣಗುತ್ತದೆ. ಅದರ ಮೇಲೆ ಇನ್ನೊಂದು ಪದರ ಹಾಕಬಹುದು, ಒದ್ದೆ ಇರುವಾಗಲೇ ಕೆರೆದು ಕೆಳಗಿನದನ್ನು ಹೊರತರಬಹುದು, ದಿನಗಟ್ಟಲೆ ಅದರೊಂದಿಗೆ ಮಾತುಕತೆ ನಡೆಸಬಹುದು. ಒಂದು ಮಾಧ್ಯಮ ಆ ಕ್ಷಣದ್ದು, ಇನ್ನೊಂದು ದೀರ್ಘಕಾಲದ್ದು. ಎರಡರಿಂದಲೂ ಒಂದೇ ಬಗೆಯ ಚಿತ್ರ ಬರಬೇಕೆಂದು ಕೇಳುವುದು ಸರಿಯಲ್ಲ.

ಹಾಗಾದರೆ ಇಂಥ ಚಿತ್ರವನ್ನು ನೋಡುವುದು ಹೇಗೆ? ಮೊದಲು ಇಡೀ ಚಿತ್ರ ಕಣ್ಣಿಗೆ ತುಂಬುವಷ್ಟು ದೂರ ನಿಲ್ಲಿ. ಹೆಸರನ್ನು ಓದಬೇಡಿ. ಕಣ್ಣು ಎಲ್ಲಿಗೆ ಮೊದಲು ಹೋಯಿತು, ಅಲ್ಲಿಂದ ಎತ್ತ ಜಾರಿತು ಎಂಬುದನ್ನು ಗಮನಿಸಿ. ಕೆಂಪು, ಹಳದಿಗಳು ಸಾಮಾನ್ಯವಾಗಿ ನಮ್ಮತ್ತ ಬರುತ್ತವೆ, ನೀಲಿ ಹಿಂದಕ್ಕೆ ಸರಿಯುತ್ತದೆ. ಆದರೆ ನೀಲಿಯ ಮೇಲೆ ಬಣ್ಣ ದಪ್ಪವಾಗಿ ಮೆತ್ತಿದ್ದರೆ ಅದೇ ನೀಲಿ ಮುಂದೆ ಬಂದು ನಿಲ್ಲುತ್ತದೆ. ಈ ಹಿಂದುಮುಂದಿನ ಆಟದಿಂದಲೇ ಚಪ್ಪಟೆ ಬಟ್ಟೆಯ ಮೇಲೆ ಆಳ ಹುಟ್ಟುವುದು. ಆಮೇಲೆ ಹತ್ತಿರ ಹೋಗಿ ಎರಡು ಬಣ್ಣ ಸೇರುವ ಅಂಚನ್ನು ನೋಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಮೂರ್ತ ಚಿತ್ರದ ಬಹುಪಾಲು ಕಥೆ ಅಂಚಿನಲ್ಲಿದೆ. ಒಂದು ಬಣ್ಣ ಇನ್ನೊಂದನ್ನು ಕತ್ತಿಯಂತೆ ಕತ್ತರಿಸಿದೆಯೇ, ಅದರೊಳಗೆ ಕರಗಿದೆಯೇ, ನಡುವೆ ಹಳೆಯ ಪದರವೊಂದು ಸಂದಿನಲ್ಲಿ ಇಣುಕುತ್ತಿದೆಯೇ? ಆದಿಮೂಲಂ ಗೆರೆಯ ಗುರುವಾಗಿದ್ದವರು. ಅಮೂರ್ತಕ್ಕೆ ಬಂದಾಗ ಗೆರೆಯನ್ನು ಎಸೆಯಲಿಲ್ಲ, ಅದನ್ನು ಬಣ್ಣಗಳ ನಡುವಿನ ಈ ಅಂಚಿಗೆ ಕಳುಹಿಸಿದರು. ಅವರ ರಾಜರ ಚಿತ್ರದಲ್ಲಿದ್ದ ಒರಟು, ತುಂಡುತುಂಡು ಗೆರೆಯನ್ನು ನೋಡಿಬಂದವರಿಗೆ ಕ್ಯಾನ್‌ವಾಸಿನ ಆ ಹರಿದ ಅಂಚು ಪರಿಚಿತವೆನಿಸುತ್ತದೆ. ಕೊನೆಯಲ್ಲಿ ಅಂಗೈಯಿಂದ ಚಿತ್ರದ ಒಂದು ಭಾಗವನ್ನು ಕಣ್ಣಿಗೆ ಮರೆಮಾಡಿ. ಉಳಿದದ್ದು ಕುಸಿದಂತೆ, ವಾಲಿದಂತೆ ಕಂಡರೆ ಮರೆಯಾದ ಭಾಗ ಏನು ಹೊತ್ತಿತ್ತೆಂದು ಗೊತ್ತಾಗುತ್ತದೆ. ಮರೀನಾದ ಕೂಲಿಗಳ ಓರೆಯನ್ನು ನೋಡಿದ ಕಣ್ಣಿಗೆ ಇದು ಹೊಸದೇನಲ್ಲ.

‘ಇದರಲ್ಲಿ ಅರ್ಥ ಎಲ್ಲಿದೆ?’ ಎಂದು ಕೇಳುವವರಿಗೆ ನಾನು ತ್ರಿಪ್ಲಿಕೇನಿನ ಪಾರ್ಥಸಾರಥಿ ಸ್ವಾಮಿ ಸಭೆಯನ್ನು ನೆನಪಿಸುತ್ತೇನೆ. ಮದ್ರಾಸಿನ ಬಹಳ ಹಳೆಯ ಸಂಗೀತ ಸಭೆಗಳಲ್ಲಿ ಅದೊಂದು. ಅಂಥ ಸಭೆಯಲ್ಲಿ ವಿದ್ವಾಂಸರು ಕಾಂಭೋಜಿಯನ್ನು ಅರ್ಧ ಗಂಟೆ ಆಲಾಪನೆ ಮಾಡುವಾಗ ಯಾರೂ ಎದ್ದು ‘ಸಾಹಿತ್ಯ ಎಲ್ಲಿ?’ ಎಂದು ಕೇಳುವುದಿಲ್ಲ. ಸ್ವರ ಏರಿದಾಗ ಏರುತ್ತೇವೆ, ನಿಂತಲ್ಲಿ ನಿಲ್ಲುತ್ತೇವೆ. ಕಿವಿಗೆ ನಾವು ಕೊಟ್ಟ ಈ ಸಲುಗೆಯನ್ನು ಕಣ್ಣಿಗೂ ಕೊಡಬೇಕೆಂಬುದಷ್ಟೇ ನನ್ನ ಬೇಡಿಕೆ.

ದೇವಸ್ಥಾನದ ಬೀದಿಯ ಮನೆಗಳ ಮುಂದೆ ಬೆಳಗ್ಗೆ ಇಡುವ ಕೋಲವೂ ಆಕೃತಿಯಿಲ್ಲದ ಚಿತ್ರವೇ ಅಲ್ಲವೇ ಎಂದು ಕೆಲವರು ಹೇಳುತ್ತಾರೆ. ನಿಜ, ಅದನ್ನು ನೋಡಿ ಯಾರೂ ಗಾಬರಿಯಾಗುವುದಿಲ್ಲ. ಆದರೆ ಎರಡನ್ನೂ ಒಂದೇ ಎನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಕೋಲಕ್ಕೆ ಚುಕ್ಕಿಗಳ ಲೆಕ್ಕವಿದೆ, ಕೈಯಿಂದ ಕೈಗೆ ಬಂದ ನಿಯಮವಿದೆ, ಎಳೆ ಹೊರಟಲ್ಲಿಗೇ ಬಂದು ಸೇರುತ್ತದೆ. ಆದಿಮೂಲಂ ಕ್ಯಾನ್‌ವಾಸಿಗೆ ಮೊದಲೇ ಬರೆದಿಟ್ಟ ನಿಯಮವಿಲ್ಲ. ಪ್ರತಿ ಚಿತ್ರವೂ ತನ್ನ ಸಮತೋಲವನ್ನು ತಾನೇ ಹುಡುಕಿಕೊಳ್ಳಬೇಕು, ಎಷ್ಟೋ ಸಲ ಸಿಗದೆಯೂ ಹೋಗಬಹುದು. ‘ನಮ್ಮ ಮಗುವೂ ಹೀಗೆ ಬಳಿಯುತ್ತದೆ’ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಮಗು ಖುಷಿಯಿಂದ ಬಳಿಯುತ್ತದೆ, ಕೈ ಸೋತಾಗ ನಿಲ್ಲಿಸುತ್ತದೆ. ಕಲಾವಿದ ಚಿತ್ರ ಸರಿಹೋಯಿತೆಂದು ಅನ್ನಿಸಿದಾಗ ನಿಲ್ಲಿಸಬೇಕು, ಆ ‘ಸರಿ’ ಯಾವುದೆಂದು ತಿಳಿಯಲು ಮಹಾರಾಜರನ್ನೂ ಗಾಂಧಿಯನ್ನೂ ವರ್ಷಗಟ್ಟಲೆ ಬಿಡಿಸಿದ ಕೈ ಬೇಕಾಯಿತು.

ಹೊಸಬರಿಗೆ ಇನ್ನೊಂದು ಎಚ್ಚರಿಕೆ ಹೇಳಬೇಕು. ಆಕೃತಿ ಕೆಳಗಿನ ಮೆಟ್ಟಿಲು, ಅಮೂರ್ತ ಮೇಲಿನದು ಎಂದು ತಿಳಿಯಬೇಡಿ. ಮೈಸೂರಿನ ಎಸ್.ಜಿ. ವಾಸುದೇವ್ ಇದೇ ಮದ್ರಾಸ್ ಕಲಾಶಾಲೆಯಲ್ಲಿ, ಇದೇ ಪಣಿಕ್ಕರ್ ಅವರಲ್ಲಿ, ಅದೇ 1960ರ ದಶಕದಲ್ಲಿ ಕಲಿತವರು, ಚೋಳಮಂಡಲವನ್ನು ಕಟ್ಟಿದವರಲ್ಲೂ ಒಬ್ಬರು. ‘ಸಂಸ್ಕಾರ’ ಚಿತ್ರದ ಕಲಾನಿರ್ದೇಶಕರೆಂದು ನಿಮಗೆ ಅವರ ಹೆಸರು ಗೊತ್ತಿರಬಹುದು. ಅವರು ಮರವನ್ನೂ ಮುಖವನ್ನೂ ಬಿಡಲಿಲ್ಲ. ವೃಕ್ಷ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬೆಳೆಯಿತು, ಅದರಲ್ಲಿ ಹಕ್ಕಿ, ಪ್ರಾಣಿ, ಮನುಷ್ಯರು ನೆಲೆ ಕಂಡುಕೊಂಡರು. ಅತ್ತ ಅಚ್ಯುತನ್ ಕೂಡಲ್ಲೂರ್ ಇನ್ನೊಂದೇ ದಾರಿಯವರು. ಮಲಯಾಳಂ ಲೇಖಕ ಎಂ.ಟಿ. ವಾಸುದೇವನ್ ನಾಯರ್ ಅವರ ಊರಾದ ಕೂಡಲ್ಲೂರಿನಿಂದ ಮದ್ರಾಸಿಗೆ ಬಂದು, ಕಲಾಶಾಲೆಯ ಸಂಜೆಯ ‘ಮದ್ರಾಸ್ ಆರ್ಟ್ ಕ್ಲಬ್’ನಲ್ಲಿ ಕೈ ಪಳಗಿಸಿಕೊಂಡರು. ಆರಂಭದ ಆಕೃತಿಗಳನ್ನು ಬಿಟ್ಟು ಬಣ್ಣಕ್ಕೆ ಪೂರ್ತಿ ಒಲಿದರು, 1988ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಪಡೆದರು, 2022ರಲ್ಲಿ ತೀರಿಕೊಂಡರು. ಅವರು ಹಿಂದಕ್ಕೆ ತಿರುಗಿ ಆಕೃತಿಯತ್ತ ಬರಲಿಲ್ಲ. ಬಿಡದವರು ಒಬ್ಬರು, ಬಿಟ್ಟೇಬಿಟ್ಟವರು ಒಬ್ಬರು, ಎರಡನ್ನೂ ನಡೆಸಿದವರು ಆದಿಮೂಲಂ. ಯಾವ ದಾರಿ ದೊಡ್ಡದೆಂದು ತೀರ್ಪು ಕೊಡುವ ಮೊದಲು ಪ್ರತಿಯೊಬ್ಬರ ಕೆಲಸವನ್ನು ಅದರದೇ ಬೆಳಕಿನಲ್ಲಿ ನೋಡಬೇಕು.

ಮುದ್ರಿತ ಪುಟದಲ್ಲಿ, ಮೊಬೈಲಿನ ಪರದೆಯ ಮೇಲೆ ಇಂಥ ಚಿತ್ರಗಳನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಬಣ್ಣದ ದಪ್ಪ, ಕೆರೆತ, ಗಾತ್ರ ಯಾವುದೂ ಅಲ್ಲಿ ಸಿಗುವುದಿಲ್ಲ. ಚೆನ್ನೈಗೆ ಹೋದಾಗ ಮರೀನಾದ ಆ ನಾಲ್ವರು ಕೂಲಿಗಳನ್ನು ಮೊದಲು ನೋಡಿ, ನಂತರ ಈಸ್ಟ್ ಕೋಸ್ಟ್ ರಸ್ತೆ ಹಿಡಿದು ಇಂಜಂಬಾಕ್ಕಂಗೆ ಹೋಗಿ. ಚೋಳಮಂಡಲದಲ್ಲಿ 2009ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಆ ಕಲಾಶಾಲೆಯ ಸುತ್ತ ಬೆಳೆದ ಮದ್ರಾಸ್ ಪಂಥದ ಕಲಾವಿದರ ಮೂಲ ಚಿತ್ರಗಳಿವೆ. ಬೆಂಗಳೂರಿನವರಿಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಇದೆ. ಎಲ್ಲ ಕೋಣೆ ಸುತ್ತಿ ಮುಗಿಸುವ ಅವಸರ ಬೇಡ. ಒಂದೇ ಒಂದು ಅಮೂರ್ತ ಚಿತ್ರವನ್ನು ಆರಿಸಿಕೊಂಡು ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರು ಏನು ಕಂಡರೆಂದು ಕೇಳಿ, ತಿದ್ದಲು ಹೋಗಬೇಡಿ.